ಬೀಸುಕಲ್ಲಿನ ತೆರಿಗೆ

ನಮ್ಮೂರಲ್ಲಿ ಯಾರಾದರೂ ಬಿ.ಎ. ಸೇರಿದರು ಅಂದರೆ ಜನ ಮೊದಲು ಕೇಳುವ ಮಾತು, "ಅಯ್ಯೋ, ಮನೇಲಿ ಯಾರು ಹೋದ್ರು?" ಎಂಬುದು. ಬಿ.ಎಸ್ಸಿ. ಸೇರಿದವರನ್ನು ಯಾರೂ ಹಾಗೆ ಕೇಳುವುದಿಲ್ಲ. ಬಿ.ಕಾಂ. ಸೇರಿದವರ ಕೈ ಕುಲುಕಿ, ಸಿಹಿ ಎಲ್ಲಿ ಎನ್ನುತ್ತಾರೆ. ಆರ್ಟ್ಸ್ ಅಂದರೆ ಮಾತ್ರ ದನಿ ತಗ್ಗಿಸಿ, ಕತ್ತು ಒಂದು ಕಡೆಗೆ ವಾಲಿಸಿ ವಿಚಾರಿಸುತ್ತಾರೆ. ಹೆಣ್ಣು ನೋಡಲು ಬಂದವರಿಗೆ ಹುಡುಗಿ ಇತಿಹಾಸ ಓದುತ್ತಿದ್ದಾಳೆ ಎಂದು ತಿಳಿದರೆ, ತಿನ್ನುತ್ತಿದ್ದ ಉಪ್ಪಿಟ್ಟನ್ನು ಕೆಳಗಿಟ್ಟು, ಸೂತಕ ಕಳೆದು ಎಷ್ಟು ಕಾಲವಾಯಿತು ಎಂದು ಕೇಳುತ್ತಾರೆ.

ನಮ್ಮ ವಿಶ್ವವಿದ್ಯಾನಿಲಯ ಬಹಳ ಹಳೆಯದು. ಅರಸರ ಕಾಲದಲ್ಲಿ ಕಟ್ಟಿಸಿದ್ದು. ಊರು ಅದರ ಸುತ್ತ ಬೆಳೆಯಿತೋ, ಊರಿನ ನಡುವೆ ಅದನ್ನು ಕಟ್ಟಿದರೋ ಹೇಳುವವರು ಈಗ ಯಾರೂ ಇಲ್ಲ. ವಿಜ್ಞಾನ ವಿಭಾಗಕ್ಕೆ ಹೊಸ ಕಟ್ಟಡ ಬಂತು, ವಾಣಿಜ್ಯಕ್ಕೆ ಗಾಜಿನ ಬಾಗಿಲು ಬಂತು. ಆರ್ಟ್ಸ್ ಮಾತ್ರ ಹಳೇ ಕಟ್ಟಡದಲ್ಲೇ ಉಳಿಯಿತು. ದಪ್ಪ ಗೋಡೆ, ಎತ್ತರದ ಸೂರು, ಸೂರಿನಲ್ಲಿ ಪಾರಿವಾಳ, ಮೂರು ತಲೆಮಾರಿನವರು ಹೆಸರು ಕೆತ್ತಿದ ಬೆಂಚುಗಳು. ಓದು ಅರ್ಧಕ್ಕೆ ನಿಂತು ಸತ್ತುಹೋದವರು ಆ ಬೆಂಚುಗಳಿಗೆ ವಾಪಸು ಬರುತ್ತಾರೆ. ಬಂದು, ಬಿಟ್ಟ ಪಾಠದಿಂದ ಮುಂದಕ್ಕೆ ಓದಿ, ಪಾಸಾಗಿ, ಪದವಿ ತೆಗೆದುಕೊಂಡು ಹೋಗುತ್ತಾರೆ. ಹೋದ ಮೇಲೆ ಬರುವುದಿಲ್ಲ. ಇದರಲ್ಲಿ ನಮಗೆ ಯಾರಿಗೂ ಆಶ್ಚರ್ಯವಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿಗೂ ಗುರುತು ಹಾಕುತ್ತಾರೆ, ಹಾಜರಿ ಕಡಿಮೆಯಾದರೆ ಅವರನ್ನೂ ಪರೀಕ್ಷೆಗೆ ಬಿಡುವುದಿಲ್ಲ.

ಇಂಥ ಊರಲ್ಲಿ ನನ್ನ ಮಗಳು ದಾಕ್ಷಾಯಣಿ ಮನೆಯಲ್ಲಿ ಯಾರೂ ಸಾಯದೆ ಇರುವಾಗ ಆರ್ಟ್ಸ್ ಸೇರಿದಳು. ಅಕ್ಕಪಕ್ಕದವರು ಮಾತಾಡಿಸಲು ಬಂದೇಬಿಟ್ಟರು. ಅವಳು ನಕ್ಕು, "ಯಾರಿಗೂ ಏನೂ ಆಗಿಲ್ಲ ಕಣ್ರೀ, ನಂಗೆ ಹಿಸ್ಟರಿ ಇಷ್ಟ ಅಷ್ಟೆ," ಎಂದಳು. ಬಂದವರಿಗೆ ಅದು ಸಾವಿನ ಸುದ್ದಿಗಿಂತ ವಿಚಿತ್ರವಾಗಿ ಕೇಳಿಸಿತು. ನಾನು ಹಿಟ್ಟಿನ ಗಿರಣಿಯವನು, ಹೆಸರು ಸಿದ್ದವೀರಯ್ಯ. ನನಗೂ ಅದು ಅರ್ಥವಾಗಿರಲಿಲ್ಲ, ಆದರೂ ಒಬ್ಬಳೇ ಮಗಳು, ಕೇಳಿದ್ದನ್ನು ಓದಲಿ ಎಂದು ಬಿಟ್ಟೆ. ಹಳೇ ಅರಸರ ಕಲ್ಲುಬರಹ ಓದುವುದೆಂದರೆ ಅವಳಿಗೆ ಹೋಳಿಗೆ ಊಟ. ಗಿರಣಿ ಮುಂದಿನ ಜಗಲಿಯಲ್ಲಿ ಕೂತು, ಕಣ್ಣು ಮುಚ್ಚಿ, ಗಟ್ಟಿಯಾಗಿ ಉರುಹೊಡೆಯುತ್ತಿದ್ದಳು. ಗಿರಣಿಯ ಸದ್ದಿನಲ್ಲಿ ಒಂದಕ್ಷರವೂ ನನಗೆ ಕೇಳಿಸುತ್ತಿರಲಿಲ್ಲ, ತುಟಿ ಆಡುವುದು ಕಾಣುತ್ತಿತ್ತು.

ಎರಡನೇ ವರ್ಷದಲ್ಲಿ ಅವಳಿಗೆ ಕಾಮಾಲೆ ಬಂತು. ಆಸ್ಪತ್ರೆಗೂ ಸೇರಿಸಿದೆವು, ಔಷಧಿಯನ್ನೂ ಕೊಟ್ಟರು. ಉಳಿಯಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗುವುದಿಲ್ಲ.

ಶಿವಗಣಾರಾಧನೆಯ ದಿನ ಬಂದವರಿಗೆ ಎಲೆ ಹಾಕುತ್ತಿದ್ದಾಗ ಕಾಲೇಜಿನ ಅಟೆಂಡರ್ ಗೌಸ್ ಸಾಬರು ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಕೈ ಹಿಡಿದು, "ಸ್ವಾಮೇರಾ, ನಿಮ್ ಹುಡುಗಿ ಇವತ್ತು ಕ್ಲಾಸಿಗೆ ಬಂದವ್ಳೆ. ಹಾಜರಿ ಹಾಕವ್ರೆ," ಎಂದರು.

ನನ್ನ ಹೆಂಡತಿ ಹಾಲಮ್ಮ ಕೈಲಿದ್ದ ಪಾಯಸದ ಸೌಟನ್ನು ಅಲ್ಲೇ ಬಿಟ್ಟು ಓಡಿದಳು. ಅವಳ ಹಿಂದೆ ನಾನು ಓಡಿದೆ. ಇತಿಹಾಸದ ಪದ್ಮಾಸನಿ ಮೇಡಂ ಪಾಠ ನಿಲ್ಲಿಸಿ ನಮ್ಮನ್ನು ಒಳಗೆ ಬಿಟ್ಟರು. ಕೊನೆಯ ಬೆಂಚನ್ನು ತೋರಿಸಿದರು. ನಮಗೆ ಬೆಂಚು ಕಂಡಿತು. ಬೆಂಚಿನ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು. ಅಷ್ಟೆ. ಓದುವವರ ಕಣ್ಣಿಗೆ ಮಾತ್ರ ಅವರು ಕಾಣುವುದು ಎಂದು ಊರಿಗೆಲ್ಲ ಗೊತ್ತಿದ್ದದ್ದೇ, ನಮಗೂ ಗೊತ್ತಿತ್ತು. ಆದರೂ ಹಾಲಮ್ಮ ಬೆಂಚಿನ ಮೇಲೆ ಕೈಯಾಡಿಸಿ ನೋಡಿದಳು.

ಅದಕ್ಕೇ ನಮ್ಮ ವಿಶ್ವವಿದ್ಯಾನಿಲಯದಲ್ಲಿ ದುಃಖಿತರ ಕೋಟಾ ಎಂದು ಒಂದಿದೆ. ಮರಣ ಪ್ರಮಾಣಪತ್ರ ಲಗತ್ತಿಸಿ ಅರ್ಜಿ ಹಾಕಿದರೆ, ಸತ್ತವರು ಯಾವ ತರಗತಿಯಲ್ಲಿ ಕೂರುತ್ತಾರೋ ಅದೇ ತರಗತಿಗೆ ಮನೆಯವರಲ್ಲಿ ಒಬ್ಬರನ್ನು ಸೇರಿಸಿಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿ ಆಗಿರಬೇಕು ಎಂಬುದೊಂದೇ ಷರತ್ತು. ಹಾಲಮ್ಮ ಓದಿದ್ದು ನಾಲ್ಕನೇ ಕ್ಲಾಸು. ನಾನು ಯಾವ ಕಾಲದಲ್ಲೋ ಎಸ್ಸೆಸ್ಸೆಲ್ಸಿಯನ್ನು ತೆವಳಿಕೊಂಡು ಪಾಸಾಗಿದ್ದೆ. ಹೆತ್ತು ಸಾಕಿದವಳಿಗೆ ಸೀಟಿಲ್ಲ, ಹಳೇ ಕಾಗದದ ಕಟ್ಟಿನ ಕೆಳಗೆ ಮಲಗಿದ್ದ ನನ್ನ ಹಳೇ ಮಾರ್ಕ್ಸ್ ಕಾರ್ಡಿಗೆ ಸೀಟು. ಹಾಲಮ್ಮ ನನ್ನ ಬಿಳಿ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು. "ಹಿಟ್ಟಿನ ಧೂಳು ಕೊಡವ್ಕೊಂಡು ಹೋಗಿ. ಮಗು ಪಕ್ಕ ಕೂರೋರು," ಎಂದಳು.

ತರಗತಿಗೆ ಕಾಲಿಟ್ಟಾಗ ಅವಳು ಅಲ್ಲಿದ್ದಳು. ಕಾಯಿಲೆಯ ಹಳದಿ ಕಣ್ಣಲ್ಲಿರಲಿಲ್ಲ. ಜಡೆ ಮುಂದಕ್ಕೆ ಹಾಕಿಕೊಂಡು, ಕಪ್ಪು ಹಲಗೆ ನೋಡುತ್ತಾ ಕೂತಿದ್ದಳು. ನನ್ನನ್ನು ನೋಡಿ, ಹೊಸದಾಗಿ ಸೇರಿದವರಿಗೆ ಜಾಗ ಬಿಡುವಂತೆ ಸ್ವಲ್ಪ ಸರಿದು, "ಕೂತ್ಕೊಳ್ಳಿ, ಶಾಸನದ ಪಾಠ ನಡೀತಿದೆ," ಎಂದಳು. ನಾನು, "ದಾಕ್ಷಿ, ನಾನು ಕಣಮ್ಮ," ಎಂದೆ. ಗಿರಣಿಯಲ್ಲಿ ಕೂಗಿ ಕೂಗಿ ನನ್ನ ಗಂಟಲು ದೊಡ್ಡದು, ಇಡೀ ತರಗತಿ ತಿರುಗಿ ನೋಡಿತು. ಅವಳು ಮಾತ್ರ ಹಲಗೆ ನೋಡುತ್ತಿದ್ದಳು. ಸತ್ತವರು ಪಾಠದ ವಿಷಯ ಬಿಟ್ಟು ಬೇರೇನೂ ಆಡುವುದಿಲ್ಲ. ಬೇರೆ ಏನು ಕೇಳಿದರೂ ಅವರಿಗೆ ತಲುಪುವುದೂ ಇಲ್ಲ. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಪದ್ಮಾಸನಿ ಮೇಡಂ ಹತ್ತಿರ ಬಂದು ನಿಂತರು. "ಸಿದ್ದವೀರಯ್ಯನವರೇ, ಮೊದಲ ವಾರ ಎಲ್ಲರೂ ಅಳ್ತಾರೆ. ಅಳಬೇಡಿ ಅನ್ನಲ್ಲ. ಅಳ್ತಾನೇ ನೋಟ್ಸ್ ತಗೊಳ್ಳಿ. ಪಾಠ ಗೊತ್ತಿಲ್ದೆ ಹೋದ್ರೆ ಅವಳ ಹತ್ರ ಮಾತಾಡೋಕೆ ನಿಮಗೆ ಏನೂ ಇರಲ್ಲ," ಎಂದರು.

ಅವರು ಹೇಳಿದ್ದು ಆಮೇಲೆ ಅರ್ಥವಾಯಿತು. ಆ ಹಳೇ ಕಟ್ಟಡದಲ್ಲಿ ತಲೆ ನರೆತ ವಿದ್ಯಾರ್ಥಿಗಳೇ ಹೆಚ್ಚು. ಒಬ್ಬ ನಿವೃತ್ತ ಡ್ರೈವರು ತಮ್ಮನ ಪಕ್ಕ ಕೂತು ತರ್ಕಶಾಸ್ತ್ರದ ಸೂತ್ರ ಬಾಯಿಪಾಠ ಮಾಡುತ್ತಿದ್ದ. ಹೂವು ಮಾರುವ ಹೆಂಗಸು ಗಂಡನೊಡನೆ ಛಂದಸ್ಸಿನ ಬಗ್ಗೆ ಜಗಳವಾಡುತ್ತಿದ್ದಳು, ಮೊದಲಿನ ಹಾಗೇ, ಕೈ ತಿರುಗಿಸಿ. ಓದಿನ ಮೇಲೆ ಇಷ್ಟವಿದ್ದು ಬಂದವರು ಅಲ್ಲಿ ಬೆರಳೆಣಿಕೆ. ಉಳಿದವರೆಲ್ಲ ಒಂದು ಮಾತಿಗಾಗಿ ಪುಸ್ತಕ ಹಿಡಿದವರು.

ನನ್ನ ತಲೆಯೋ ಜರಡಿ. ನುಣ್ಣಗಿದ್ದದ್ದೆಲ್ಲ ಕೆಳಗಿಳಿದು ತೌಡು ಮಾತ್ರ ಉಳಿಯುತ್ತಿತ್ತು. ಬೆಳಗ್ಗೆ ಗಿರಣಿ ನಡೆಸಿ, ರಾಗಿ ಬೀಸಿ, ಮೈತೊಳೆದು ಕಾಲೇಜಿಗೆ ಹೋದರೆ ಮಧ್ಯಾಹ್ನಕ್ಕೆ ಕಣ್ಣು ಎಳೆಯುತ್ತಿತ್ತು. ಕೋಣನ ಮುಂದೆ ಕಿನ್ನರಿ ಎನ್ನುತ್ತಾರಲ್ಲ, ಆ ಕೋಣ ನಾನೇ. ಆದರೆ ಏನಾದರೂ ಕೇಳಿದರೆ ದಾಕ್ಷಿ ನನ್ನತ್ತ ತಿರುಗುತ್ತಿದ್ದಳು. "ಮೇಡಂ ಹೇಳಿದ್ದು ಅರ್ಥ ಆಗ್ಲಿಲ್ಲ, ವೀರಗಲ್ಲಲ್ಲಿ ಮೂರು ಪಟ್ಟಿ ಯಾಕಿರುತ್ತೆ?" ಎಂದರೆ ಸಾಕು, ಅವಳ ಮುಖಕ್ಕೆ ಬೆಳಕು ಬರುತ್ತಿತ್ತು. "ಕೆಳಗಿಂದ ನೋಡ್ಕೊಂಡ್ ಬನ್ನಿ. ಕೆಳಗೆ ಕಾಳಗ, ನಡುವೆ ಸ್ವರ್ಗಕ್ಕೆ ಕರ್ಕೊಂಡ್ ಹೋಗೋರು, ಮೇಲೆ ದೇವರ ಸನ್ನಿಧಿ," ಎಂದು ಗಾಳಿಯಲ್ಲಿ ಬೆರಳಿಂದ ಗೆರೆ ಎಳೆದು ತೋರಿಸುತ್ತಿದ್ದಳು. ಸತ್ತವರ ದನಿ ಬಹಳ ಮೆಲ್ಲಗಿರುತ್ತದೆ. ಗಿರಣಿಯಿಂದ ಮಂದವಾದ ನನ್ನ ಕಿವಿಯನ್ನು ಅವಳ ಹತ್ತಿರಕ್ಕೆ ತಂದು ಕೇಳುತ್ತಿದ್ದೆ. ಬದುಕಿದ್ದಾಗ ಅವಳ ಒಂದು ಪಾಠವನ್ನೂ ನಾನು ಇಷ್ಟು ಹತ್ತಿರದಿಂದ ಕೇಳಿರಲಿಲ್ಲ.

ಸಂಜೆ ಮನೆಗೆ ಬಂದರೆ ಹಾಲಮ್ಮ ಬಾಗಿಲಲ್ಲೇ ಇರುತ್ತಿದ್ದಳು. ಕಾಫಿ ಕೊಡುವ ಮೊದಲೇ, "ಇವತ್ತು ಏನಂದ್ಲು?" ಎಂದು ಕೇಳುತ್ತಿದ್ದಳು. ನಾನು ವೀರಗಲ್ಲಿನ ಪಟ್ಟಿ ಹೇಳುತ್ತಿದ್ದೆ, ಕೆರೆ ಕಟ್ಟಿಸಿದವರ ಕಥೆ ಹೇಳುತ್ತಿದ್ದೆ. ಅವಳು ಅದನ್ನೇ ಊರಿಂದ ಬಂದ ಸುದ್ದಿಯ ಹಾಗೆ ಕೇಳುತ್ತಿದ್ದಳು. "ಹಂಗಂದ್ಲಾ? ಕೈ ಆಡ್ಸ್ಕೊಂಡು ಹೇಳಿದ್ಲಾ?" ಎನ್ನುತ್ತಿದ್ದಳು. ಒಂದೊಂದು ದಿನ ನಾನು ತೂಕಡಿಸಿ ಪಾಠ ಬಿಟ್ಟು ಬಂದಿರುತ್ತಿದ್ದೆ. ಅಂಥ ದಿನ ಮನೆಯಲ್ಲಿ ಒಲೆ ಉರಿದರೂ ಅಡುಗೆಗೆ ರುಚಿ ಇರುತ್ತಿರಲಿಲ್ಲ.

ಒಂದು ಸಂಜೆ ಅವಳು, "ಒಂದು ಕೇಳ್ಕೊಂಡ್ ಬನ್ನಿ. ಹೋಗುವಾಗ ಮಗೂಗೆ ನೋವಾಯ್ತಾ ಅಂತ," ಎಂದಳು.

"ಅದೆಲ್ಲ ಕೇಳಿದ್ರೆ ಅವಳಿಗೆ ಕೇಳ್ಸಲ್ಲ ಕಣೆ. ಪಾಠ ಮಾತ್ರ."

"ಪಾಠದಲ್ಲಿ ಸಾವೇ ಬರಲ್ವೇನ್ರೀ? ಅಷ್ಟು ದೊಡ್ಡ ಕಾಲೇಜು!"

ಅದೂ ಸರಿಯೇ ಎನ್ನಿಸಿತು. ತತ್ತ್ವಶಾಸ್ತ್ರದ ತರಗತಿಯಲ್ಲಿ ಕಾದು ಕೂತಿದ್ದು, ಸಾವಿನ ಪಾಠ ಬಂದ ದಿನ, "ಜೀವ ಹೋಗೋವಾಗ ನೋವಾಗುತ್ತೆ ಅಂತಾರಾ, ಇಲ್ಲ ಅಂತಾರಾ, ಓದಿದೋರು?" ಎಂದು ಕೇಳಿದೆ. ದಾಕ್ಷಿ ಸ್ವಲ್ಪ ಯೋಚಿಸಿ, "ಮೂರು ಅಭಿಪ್ರಾಯ ಇದೆ. ನೋವು ದೇಹದ್ದು, ಜೀವದ್ದಲ್ಲ ಅಂತ ಒಂದು. ಬಿಟ್ಟು ಹೋಗೋದರ ಮೇಲಿನ ಆಸೆಯೇ ನೋವು ಅಂತ ಇನ್ನೊಂದು. ಗೊತ್ತಾಗಲ್ಲ, ಹೋದವರು ಹೇಳಿಲ್ಲ ಅಂತ ಮೂರನೇದು. ಪರೀಕ್ಷೇಲಿ ಬಂದ್ರೆ ಮೂರೂ ಬರೀಬೇಕು, ಒಂದೇ ಬರೆದ್ರೆ ಅರ್ಧ ಮಾರ್ಕ್ಸು," ಎಂದಳು.

ಮನೆಗೆ ಬಂದು ಹಾಗೇ ಒಪ್ಪಿಸಿದೆ. "ಮೂರೂ ಬರೀಬೇಕಂತಾ?" ಎಂದು ಹಾಲಮ್ಮ ನಕ್ಕುಬಿಟ್ಟಳು. ಮಗಳು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತಾ ನಗುತ್ತಾ ಗೋಡೆಗೆ ಒರಗಿ ಅಳತೊಡಗಿದಳು. ನಾನು ಪಕ್ಕದಲ್ಲಿ ಕೂತೆ.

ಹೀಗೆ ಮೂರನೇ ವರ್ಷವೂ ಬಂತು. ಪರೀಕ್ಷೆ ಹತ್ತಿರವಾದಂತೆ ನಮ್ಮ ಎದೆಯಲ್ಲಿ ಕಲ್ಲು ಕೂತಿತು. ಪಾಸಾದರೆ ದಾಕ್ಷಿ ಹೋಗುತ್ತಾಳೆ. ಘಟಿಕೋತ್ಸವದ ದಿನ ಮಾತ್ರ ಸತ್ತವರು ಎಲ್ಲರ ಕಣ್ಣಿಗೂ ಕಾಣುತ್ತಾರೆ, ಮನೆಯವರೆಲ್ಲ ಬಂದು ನೋಡಬಹುದು, ಅದೇ ಕೊನೆ. ಫೇಲಾದರೆ ಅದೇ ಬೆಂಚಿನಲ್ಲಿ ಇನ್ನೊಂದು ವರ್ಷ ಇರುತ್ತಾಳೆ. ಸತ್ತವರ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲವಾದ್ದರಿಂದ ಅವರು ಹೇಳಿದ್ದನ್ನು ಮನೆಯವರೇ ಬರೆಯುವುದು ನಮ್ಮಲ್ಲಿನ ಪದ್ಧತಿ. ಬರೆಯುವ ಕೈ ನಮ್ಮದೇ. ಆದ್ದರಿಂದ ಪಾಸು ಮಾಡಿಸುವುದೂ ಫೇಲು ಮಾಡಿಸುವುದೂ ನಮ್ಮ ಕೈಯಲ್ಲೇ ಇತ್ತು. ನನ್ನ ಸ್ವಂತ ಪೇಪರುಗಳನ್ನು ಬೇರೆ ಹೊತ್ತಿನಲ್ಲಿ ಬರೆಯಬೇಕಿತ್ತು, ಆದರೆ ನನ್ನ ಪಾಸಿನ ಚಿಂತೆ ಯಾರಿಗೂ ಇರಲಿಲ್ಲ, ನಾನು ಫೇಲಾಗುವುದು ಖಚಿತವಾಗಿತ್ತು.

ನಮ್ಮ ಮುಂದಿನ ಬೆಂಚಿನಲ್ಲಿ ಸೀತಾಲಕ್ಷ್ಮಮ್ಮ ಎಂಬ ಮುದುಕಿ ಗಂಡನ ಪಕ್ಕ ಕೂತು ದೇವರ ದೀಪಕ್ಕೆ ಹೂಬತ್ತಿ ಹೊಸೆಯುತ್ತಿದ್ದರು. ಆಕೆ ಗಂಡನನ್ನು ವರ್ಷವರ್ಷವೂ ಫೇಲು ಮಾಡಿಸಿಕೊಂಡು ಬಂದವರು. ಗಂಡ ಹರೆಯದವನಾಗಿಯೇ ಉಳಿದಿದ್ದ, ಆಕೆಗೆ ಹಲ್ಲು ಬಿದ್ದಿತ್ತು. ಒಂದು ದಿನ ಬಿಡುವಿನಲ್ಲಿ ತಾವಾಗಿಯೇ ನನ್ನತ್ತ ತಿರುಗಿ, "ಒಂದು ಪೇಪರ್ ಕೆಡಿಸಿದ್ರೆ ಸಾಕು ಸಿದ್ದವೀರಯ್ಯನೋರೆ. ಎಲ್ಲಾ ಕೆಡಿಸ್ಬೇಡಿ, ಪಾಪ. ಎರಡು ಉತ್ತರ ಹಿಂದುಮುಂದು ಮಾಡಿ. ಮೇಡಮ್ಮಿಗೂ ಗೊತ್ತಿರುತ್ತೆ, ಏನೂ ಅನ್ನಲ್ಲ," ಎಂದರು.

"ಹಿಂಗೆ ವರ್ಷವರ್ಷವೂ ಕೂತ್ರೆ ಅವರಿಗೆ ಏನೂ ಆಗಲ್ವಾ ತಾಯಿ?"

ಆಕೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಮೊದಮೊದಲು ಎಷ್ಟು ಮಾತಾಡೋರು! ಕಾವ್ಯ ಅಂದ್ರೆ ಪ್ರಾಣ. ಬರ್ತಾ ಬರ್ತಾ ಕಮ್ಮಿ ಆಯ್ತು. ಈಗ ಒಂದೇ ಮಾತು. ಕೇಳಿ, ನೀವೇ ಕೇಳಿ," ಎಂದು ಗಂಡನತ್ತ ಬಾಗಿ, "ಇವತ್ತು ಯಾವ ಪದ್ಯ?" ಎಂದರು. ಅವನು ತಿರುಗದೆ, "ಮುಂದಿನ ಪದ್ಯ," ಎಂದ. ಎರಡನೇ ಸಲ ಕೇಳಿದರು. "ಮುಂದಿನ ಪದ್ಯ," ಎಂದ. "ಇದೇ ಸಾಕು ನಂಗೆ," ಎಂದು ಆಕೆ ಬತ್ತಿ ಕೈಗೆತ್ತಿಕೊಂಡರು. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆದರಿಕೆಯಾಯಿತು.

ಹಾಲಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಫೇಲ್ ಮಾಡ್ಸಿ," ಎಂದಳು.

"ಪಾಸಾದ್ರೆ ನೀನು ಅವಳನ್ನ ಒಂದ್ಸಲ ಕಣ್ತುಂಬ ನೋಡ್ಬೋದಲ್ಲೇ. ಈ ಎರಡು ವರ್ಷ ನೋಡಿದೋನು ನಾನು. ನಿಂಗೆ ನೋಡ್ಬೇಕು ಅನ್ಸಲ್ವಾ?"

"ಒಂದ್ಸಲ ನೋಡಿ ಏನ್ ಮಾಡ್ಲಿ? ಆಮೇಲೆ ಸಂಜೆ ಯಾರನ್ನ ಕಾಯ್ಲಿ? ನಂಗೆ ನೋಡೋದು ಬೇಡ. ನೀವು ಬಂದು ಹೇಳ್ತೀರಲ್ಲ, ಅದು ಸಾಕು. ದಿನಾ ಒಂದು ಮಾತು ಬರ್ಲಿ." ನನ್ನ ಎರಡೂ ಕೈ ಹಿಡಿದುಕೊಂಡು, "ಇಷ್ಟು ವರ್ಷದಲ್ಲಿ ನಿಮ್ಮನ್ನ ಏನಾದ್ರೂ ಕೇಳಿದೀನಾ?" ಎಂದಳು. ಕೇಳಿರಲಿಲ್ಲ. ಆಗಲಿ ಎಂದೆ.

ಉಳಿದ ಪೇಪರುಗಳನ್ನು ದಾಕ್ಷಿ ಹೇಳಿದಂತೆ ಬರೆದೆ. ಇತಿಹಾಸದ ಪೇಪರನ್ನು ಕೆಡಿಸುವುದೆಂದು ನಿರ್ಧಾರ ಮಾಡಿದ್ದೆ, ಅದೇ ಕೊನೆಯದು. ಅವಳ ಪಕ್ಕ ಕೂತು ಪ್ರಶ್ನೆ ಓದಿದೆ. ಅವಳು ಕಣ್ಣು ಮುಚ್ಚಿ ಹೇಳತೊಡಗಿದಳು, ನಾನು ಬರೆಯತೊಡಗಿದೆ. ಅವಳು ಹೇಳಿದ್ದು ಒಂದು, ನಾನು ಬರೆದದ್ದು ಒಂದು. ಮಗನನ್ನು ಅಪ್ಪನಿಗಿಂತ ಮೊದಲೇ ಪಟ್ಟಕ್ಕೆ ಕೂರಿಸಿದೆ, ಗೆದ್ದವನನ್ನು ಸೋಲಿಸಿದೆ. ಇಡೀ ಜೀವಮಾನದಲ್ಲಿ ಯಾರ ಹಿಟ್ಟಿಗೂ ಮರಳು ಬೆರೆಸದ ಕೈ ಅದು. ಎರಡು ಉತ್ತರ ಹೀಗೆ ಕೆಟ್ಟಿತು. ಅವಳಿಗೆ ಗೊತ್ತಾಗಲಿಲ್ಲ, ಕಣ್ಣು ಮುಚ್ಚಿಯೇ ಇತ್ತು.

ಕೊನೆಯ ಪ್ರಶ್ನೆ ಹಳೇ ಅರಸರ ಕಾಲದ ತೆರಿಗೆಗಳ ಬಗ್ಗೆ. ಗಾಣಕ್ಕೆ, ಮಗ್ಗಕ್ಕೆ, ಮದುವೆಯ ಚಪ್ಪರಕ್ಕೆ, ಬೀಸುಕಲ್ಲಿಗೆ ತೆರಿಗೆ ಇತ್ತು ಎಂದು ಪುಸ್ತಕದಲ್ಲಿದ್ದದ್ದನ್ನು ಅವಳು ಹೇಳಿ ಮುಗಿಸಿದಳು. ಆಮೇಲೆ, "ಇಲ್ಲಿಂದ ಮುಂದೆ ಪುಸ್ತಕದಲ್ಲಿಲ್ಲ, ಆದ್ರೂ ಬರೀರಿ," ಎಂದಳು. ನಾನು ಕಿವಿ ಹತ್ತಿರ ತಂದೆ.

"ಬೀಸುಕಲ್ಲಿಗೆ ತೆರಿಗೆ ಇತ್ತೆಂದರೆ ಮನೆಮನೆಯಲ್ಲಿ ಬೀಸುವವರು ಇದ್ದರು. ಆ ಹೆಂಗಸರ ಹೆಸರು ಯಾವ ಶಾಸನದಲ್ಲೂ ಇಲ್ಲ. ದಿನವೂ ನಡೆಯುವುದನ್ನು ಯಾರೂ ಕಲ್ಲಿನ ಮೇಲೆ ಬರೆಯುವುದಿಲ್ಲ. ಗಿರಣಿ ಇರುವ ಮನೆಯಲ್ಲಿ ಬೆಳೆದವರಿಗೆ ಗಿರಣಿಯ ಸದ್ದು ಕೇಳಿಸುವುದೇ ಇಲ್ಲ. ಅದು ನಿಂತಾಗ ಮಾತ್ರ, ಏನೋ ಆಗಿದೆ ಎಂದು ಎಚ್ಚರವಾಗುತ್ತದೆ. ಇತಿಹಾಸ ಬರೆದವರೂ ನಿಂತದ್ದನ್ನು ಬರೆದಿದ್ದಾರೆ. ನಡೆಯುತ್ತಿದ್ದುದನ್ನು ನಾವು ಹುಡುಕಿ ಓದಬೇಕು."

ನನ್ನ ಕೈ ನಿಂತಿತು. ಎರಡು ವರ್ಷದಲ್ಲಿ ಅವಳು ಮನೆಯ ಮಾತು ಒಂದನ್ನೂ ಆಡಿರಲಿಲ್ಲ. ಇದು ಮನೆಯ ಮಾತೋ, ಉತ್ತರಕ್ಕೆ ಕೊಟ್ಟ ಉದಾಹರಣೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಉತ್ತರ ಚೆನ್ನಾಗಿತ್ತು. ನನ್ನಂಥ ದಡ್ಡನಿಗೂ ಚೆನ್ನಾಗಿದೆ ಎಂದು ತಿಳಿಯುವಷ್ಟು ಚೆನ್ನಾಗಿತ್ತು. ನನ್ನ ಜಗಲಿಯ ಮೇಲೆ ಕೂತು, ನನ್ನ ಗಿರಣಿಯ ಸದ್ದಿನಲ್ಲಿ, ಈ ಹುಡುಗಿ ಇಂಥದ್ದನ್ನು ಯೋಚನೆ ಮಾಡುತ್ತಿದ್ದಳು. ನನಗೆ ಹೆಮ್ಮೆಯಾಯಿತು. ಇದನ್ನು ಹೇಳಿದವಳನ್ನು ಫೇಲು ಮಾಡಿದರೆ ಮುಂದಿನ ವರ್ಷ ಇದನ್ನೇ ಹೇಳುತ್ತಾಳೆ, ಅದರ ಮುಂದಿನ ವರ್ಷ ಇದರಲ್ಲಿ ಅರ್ಧ ಹೇಳುತ್ತಾಳೆ. ಕೊನೆಗೆ ಒಂದು ದಿನ ನಾನು ಏನು ಕೇಳಿದರೂ "ಬೀಸುಕಲ್ಲು" ಎಂದಷ್ಟೇ ಅಂದು ಹಲಗೆ ನೋಡುತ್ತಾಳೆ. ಮುಂದಿನ ಬೆಂಚಿನಲ್ಲಿ ಸೀತಾಲಕ್ಷ್ಮಮ್ಮನ ಗಂಡನ ಬೆನ್ನು ನನಗೆ ಕಾಣುತ್ತಿತ್ತು.

ಆ ಉತ್ತರವನ್ನು ಅವಳು ಹೇಳಿದಂತೆಯೇ, ನನ್ನ ಕೈಲಾದಷ್ಟು ದುಂಡಗೆ ಬರೆದೆ. ಆಮೇಲೆ ಕೆಟ್ಟಿದ್ದ ಎರಡು ಉತ್ತರಗಳ ಮೇಲೆ ಅಡ್ಡಗೆರೆ ಎಳೆದು, "ಮೊದಲಿನ ಎರಡು ಇನ್ನೊಂದ್ಸಲ ಹೇಳು, ನನ್ನ ಕಿವಿಗೆ ಸರಿಯಾಗಿ ಬೀಳ್ಲಿಲ್ಲ," ಎಂದೆ. ಅವಳು ಬೇಸರವಿಲ್ಲದೆ ಮತ್ತೆ ಹೇಳಿದಳು. ಗಂಟೆ ಬಾರಿಸುವಷ್ಟರಲ್ಲಿ ಬರೆದು ಮುಗಿಸಿದೆ. ಪದ್ಮಾಸನಿ ಮೇಡಂ ಉತ್ತರಪತ್ರಿಕೆ ತೆಗೆದುಕೊಳ್ಳಲು ಬಂದವರು ಅಡ್ಡಗೆರೆ ನೋಡಿದರು, ನನ್ನ ಮುಖ ನೋಡಿದರು. ನನ್ನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟು ಮುಂದೆ ಹೋದರು.

ಮನೆಯಲ್ಲಿ ನಿಜ ಹೇಳಲು ಧೈರ್ಯ ಬರಲಿಲ್ಲ. ಫಲಿತಾಂಶ ಬಂದಾಗ ಗೌಸ್ ಸಾಬರೇ ಬಂದು ಹೇಳಿದರು. ದಾಕ್ಷಾಯಣಿ ಫಸ್ಟ್ ಕ್ಲಾಸು. ಸಿದ್ದವೀರಯ್ಯ ಇತಿಹಾಸದಲ್ಲಿ ಫೇಲು. ಹಾಲಮ್ಮ ಮೊರದಲ್ಲಿದ್ದ ಅಕ್ಕಿಯನ್ನು ನೋಡುತ್ತಾ ಕೂತಿದ್ದಳು. ನಾನು ಪರೀಕ್ಷೆಯಲ್ಲಿ ಆದದ್ದನ್ನು, ಆ ಗಿರಣಿಯ ಉತ್ತರವನ್ನು, ನೆನಪಿದ್ದಷ್ಟು ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ. "ಕೊಟ್ಟ ಮಾತಿಗೆ ನೀರು ಬಿಟ್ರಿ," ಎಂದಳು. ಅಷ್ಟೇ. ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತಿಲ್ಲ. ನಾನು ಗಿರಣಿ ಹಾಕಿದರೆ ಸದ್ದು, ನಿಲ್ಲಿಸಿದರೆ ಮೌನ, ನಮ್ಮ ಮನೆಯಲ್ಲಿ ಆಗ ಇದ್ದದ್ದು ಇವೆರಡೇ.

ಘಟಿಕೋತ್ಸವಕ್ಕೆ ಕೆಲವು ದಿನ ಇರುವಾಗ, ಸಂಜೆ ನಾನು ಮೈತೊಳೆದು ಬಂದರೆ, ಹಾಲಮ್ಮ ಚಾಪೆ ಹಾಸಿ ಕೂತಿದ್ದಳು. "ಪಾಠ ಹೇಳ್ಕೊಡಿ," ಎಂದಳು.

"ಯಾವ ಪಾಠವೇ?"

"ನಿಮಗೆ ಬರೋದೆಲ್ಲ. ಪ್ರಶ್ನೆ ಹೆಂಗೆ ಕೇಳ್ತಾರೆ, ಅದನ್ನ ಹೇಳಿ."

ದುಃಖಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಾರೆ, ಇವಳು ಇದನ್ನು ಹಿಡಿದಳು ಎಂದುಕೊಂಡೆ. ಮಾತಾಡಿದಳಲ್ಲ, ಅದೇ ನನಗೆ ದೊಡ್ಡದಾಗಿತ್ತು. ವೀರಗಲ್ಲಿಂದ ಶುರುಮಾಡಿದೆ. ನನಗೆ ಅರ್ಧ ಮರೆತಿತ್ತು, ಉಳಿದರ್ಧ ಕಲಸುಮೇಲೋಗರವಾಗಿತ್ತು. ಪುಸ್ತಕ ನೋಡಿ ಹೇಳೋಣವೆಂದರೆ, "ಓದಿ ಹೇಳ್ಬೇಡಿ, ಓದಿದ್ದು ನನ್ನ ತಲೇಲಿ ನಿಲ್ಲಲ್ಲ. ಬಾಯಲ್ಲಿ ಹೇಳಿ," ಎನ್ನುತ್ತಿದ್ದಳು. ರೊಟ್ಟಿ ತಟ್ಟುತ್ತಾ ಪ್ರಶ್ನೆಗಳನ್ನು ಗೊಣಗಿಕೊಳ್ಳುತ್ತಿದ್ದಳು. ಉತ್ತರ ಅವಳಿಗೆ ಬೇಕಿರಲಿಲ್ಲ ಎಂಬುದನ್ನು ಆಗ ನಾನು ಗಮನಿಸಲಿಲ್ಲ.

ಘಟಿಕೋತ್ಸವದ ಬೆಳಗ್ಗೆ ಮಗಳ ಮದುವೆಗೆಂದು ಎತ್ತಿಟ್ಟಿದ್ದ ರೇಷ್ಮೆ ಸೀರೆ ಉಟ್ಟಳು. ಹಳೇ ಸಭಾಂಗಣ ತುಂಬಿತ್ತು. ಸತ್ತವರ ಮೈಮೇಲೆ ಗೌನು ನಿಲ್ಲುವುದಿಲ್ಲ, ಅದನ್ನು ಮನೆಯವರು ತೋಳ ಮೇಲೆ ಹಾಕಿಕೊಂಡಿರುತ್ತಾರೆ. ಹಾಲಮ್ಮನ ತೋಳಿನ ಮೇಲೂ ಒಂದು ಕಪ್ಪು ಗೌನು ಇತ್ತು. ಹೆಸರು ಕರೆದರು. ದಾಕ್ಷಿ ವೇದಿಕೆಯ ಮೆಟ್ಟಿಲು ಹತ್ತಿದಾಗ ಹಾಲಮ್ಮ ನನ್ನ ರಟ್ಟೆಯನ್ನು ಹಿಡಿದ ಹಿಡಿತಕ್ಕೆ ಮೂರು ದಿನ ಅಲ್ಲಿ ನೀಲಿಗಟ್ಟಿತ್ತು. "ತೆಳ್ಳಗಾಗಿಲ್ಲ, ಹಂಗೇ ಅವ್ಳೆ," ಎಂದಳು. ಪದವಿಪತ್ರವನ್ನು ತಂದು ತಾಯಿಯ ಕೈಗೆ ಕೊಟ್ಟರು.

ಪದವಿ ಪಡೆದ ಸತ್ತವರು ಸಭಾಂಗಣದ ಪಕ್ಕದ ಬಾಗಿಲಿಂದ ಇಳಿದು, ಮರಗಳ ನಡುವಿನ ಕಲ್ಲುಹಾಸಿನ ಮೇಲೆ ನಡೆದು, ಪಡುವಣ ಗೇಟಿನಿಂದ ಹೊರಗೆ ಹೋಗುತ್ತಾರೆ. ಎರಡೂ ಬದಿ ಮನೆಯವರು ನಿಂತು ಹೆಸರು ಹಿಡಿದು ಕೂಗುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ದಾಕ್ಷಿ ಬಂದಳು. ನಮ್ಮನ್ನು ದಾಟುವ ಹೊತ್ತಿಗೆ ಹಾಲಮ್ಮ ಕಲ್ಲುಹಾಸಿಗೆ ಇಳಿದು ಎದುರಿಗೆ ನಿಂತಳು. ಹೆಸರು ಹಿಡಿದು ಕರೆಯಲಿಲ್ಲ. ಉಗುಳು ನುಂಗಿಕೊಂಡು, ಪಾಠ ಒಪ್ಪಿಸುವ ಹುಡುಗಿಯ ಹಾಗೆ, "ಬೀಸುಕಲ್ಲಿಗೆ ಯಾಕೆ ತೆರಿಗೆ ಹಾಕ್ತಿದ್ರು?" ಎಂದು ಕೇಳಿದಳು.

ದಾಕ್ಷಿ ನಿಂತಳು. ಅವಳ ಮುಖಕ್ಕೆ ಆ ಬೆಳಕು ಬಂತು. "ಒಳ್ಳೇ ಪ್ರಶ್ನೆ," ಎಂದು ತಾಯಿಗೆ ಉತ್ತರ ಹೇಳತೊಡಗಿದಳು. ಗೇಟು ದಾಟುವವರೆಗೆ ಅವಳು ವಿದ್ಯಾರ್ಥಿನಿಯೇ ಎಂಬುದು, ಓದಿದ ನಮಗೆ ಯಾರಿಗೂ ಹೊಳೆಯದೆ, ಸೀಟು ಸಿಗದೆ ಹೊರಗೇ ನಿಂತಿದ್ದ ಹಾಲಮ್ಮನಿಗೆ ಹೊಳೆದಿತ್ತು. ಗಿರಣಿಯ ಮಾತು ಬಂದಾಗ ಹಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳಲಿಲ್ಲ. ಅತ್ತರೆ ಮಗಳ ಮೆಲುದನಿ ಕೇಳಿಸುವುದಿಲ್ಲ ಎಂದು ತಡೆದಳು. ಉತ್ತರ ಮುಗಿದ ತಕ್ಷಣ ವೀರಗಲ್ಲಿನ ಪಟ್ಟಿ ಕೇಳಿದಳು. ದಾಕ್ಷಿ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದಳು. ಹಾಲಮ್ಮ ಪಟ್ಟಿಯನ್ನು ನೋಡಲೇ ಇಲ್ಲ. ಆ ಬೆರಳು, ಹುಬ್ಬು, ಕಿವಿ, ಜಡೆ, ಎಲ್ಲವನ್ನೂ ನೋಡುತ್ತಿದ್ದಳು. ಕೆರೆಯ ಬಗ್ಗೆ ಕೇಳಿದಳು. ದಾನದ ಬಗ್ಗೆ ಕೇಳಿದಳು. ಸಾವಿನ ನೋವಿನ ಬಗ್ಗೆ ಕೇಳಿ, ಮೂರೂ ಅಭಿಪ್ರಾಯಗಳನ್ನು ಮಗಳ ಬಾಯಿಂದಲೇ ಕೇಳಿಸಿಕೊಂಡಳು. ಸುತ್ತಲಿನವರು ಕೂಗುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಆಮೇಲೆ ಹಾಲಮ್ಮನ ಪ್ರಶ್ನೆಗಳು ಮುಗಿದವು. ನಾನು ಹೇಳಿಕೊಟ್ಟಿದ್ದು ಅಷ್ಟೇ. ದಾಕ್ಷಿ ಮುಂದಿನ ಪ್ರಶ್ನೆಗೆ ಕಾಯುತ್ತಾ, ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡುತ್ತಾ ನಿಂತಿದ್ದಳು. ಹಾಲಮ್ಮ ಕಣ್ಣು ಮಗಳ ಮೇಲಿಂದ ತೆಗೆಯದೆಯೇ ನನ್ನತ್ತ ಕೈ ಚಾಚಿ, "ರೀ, ಇನ್ನೊಂದು ಹೇಳ್ರೀ. ಬೇಗ. ಯಾವುದಾದ್ರೂ ಒಂದು," ಎಂದಳು.

ತಡಕಾಡಿದೆ. ಎರಡು ವರ್ಷ ಕೂತು ಕೇಳಿದ್ದೆನಲ್ಲ, ಯುದ್ಧಗಳು, ಅರಸರು, ಗುಡಿಗಳು, ಎಷ್ಟೊಂದು ಇತ್ತು. ಒಂದೂ ಬಾಯಿಗೆ ಬರಲಿಲ್ಲ. ನನ್ನ ತುಟಿ ಆಡುತ್ತಿತ್ತು, ಸದ್ದಿರಲಿಲ್ಲ. ಕೊನೆಗೆ ಹೊರಗೆ ಬಿದ್ದ ಮಾತು, "ಹುಷಾರಾಗಿ ಹೋಗಮ್ಮ," ಎಂಬುದು.

ಅದರಲ್ಲಿ ಪ್ರಶ್ನೆ ಇರಲಿಲ್ಲ. ದಾಕ್ಷಿ ತಿರುಗಿ ನಡೆದು ಗೇಟು ದಾಟಿದಳು.

ಹಾಲಮ್ಮ ಬಹಳ ಹೊತ್ತು ಗೇಟನ್ನೇ ನೋಡುತ್ತಾ ನಿಂತಿದ್ದಳು. ಹಿಂದಿನಿಂದ ಬರುವವರಿಗೆ ದಾರಿ ಬಿಡಿ ಎಂದು ಗೌಸ್ ಸಾಬರು ಮೆಲ್ಲಗೆ ಹೇಳಿದರು. ಅವಳು ಪಕ್ಕಕ್ಕೆ ಸರಿದು, ತೋಳಿನ ಮೇಲಿದ್ದ ಗೌನನ್ನು ಮಡಿಸುತ್ತಾ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

"ಇಷ್ಟೇನಾ ನೀವು ಕಲ್ತಿದ್ದು?"

"ಇಷ್ಟೇ," ಎಂದೆ.